ಪಾಸ್ತಾ ಕಲಿಯಲು ಬಂದವಳು

ಬಾಗಿಲಲ್ಲಿ ನಿಂತಿದ್ದವಳನ್ನು ದರ್ಜಿ ಅಕ್ಕ ಮೊದಲು ಗಿರಾಕಿ ಅಂದುಕೊಂಡಳು. ಆದರೆ ಅವಳ ಕೈಯಲ್ಲಿ ಬಟ್ಟೆ ಇರಲಿಲ್ಲ, ಮೈದಾ ಪೊಟ್ಟಣ ಮತ್ತು ಆರು ಮೊಟ್ಟೆಗಳಿದ್ದವು.

"ಅಕ್ಕಾ, ನಾನು ಅವರ..." ಎಂದು ಅವಳು ತಡವರಿಸಿದಳು. ಮುಂದೆ ಹೇಳಬೇಕಾಗಿಯೂ ಇರಲಿಲ್ಲ. ಎಂಟು ವರ್ಷದ ಹಿಂದೆ ಬಿಟ್ಟುಹೋದ ಗಂಡನ ಈಗಿನ ಹೆಂಡತಿಯನ್ನು ದರ್ಜಿ ಅಕ್ಕ ಫೋಟೋದಲ್ಲಿ ನೋಡಿದ್ದಳು. ಫೋಟೋದಲ್ಲಿ ಇಷ್ಟು ಸೊರಗಿರಲಿಲ್ಲ.

"ಅವರಿಗೆ ಜ್ವರ ಬಿಟ್ಟು ಹದಿನೈದು ದಿನ ಆಯ್ತು. ಏನು ಕೊಟ್ರೂ ಬಾಯಿಗೆ ಸೇರ್ತಿಲ್ಲ. ನೀವು ಮಾಡ್ತಿದ್ದ ಪಾಸ್ತಾನೇ ಬೇಕಂತೆ."

ದರ್ಜಿ ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಆತ ಅದನ್ನು ಒಂದು ದಿನವಾದರೂ ಮೆಚ್ಚಿದ್ದು ಅವಳಿಗೆ ನೆನಪಿಲ್ಲ. 'ದಾರಕ್ಕೆ ಹುಲ್ಲು ಸುತ್ತಿ ಬಡಿಸ್ತೀಯ' ಎಂದು ಅಣಕಿಸುತ್ತಿದ್ದ. ಬಾಗಿಲು ಹಾಕಿಬಿಡಲೇ ಎಂದು ಮನಸ್ಸು ಯೋಚಿಸುತ್ತಿರುವಾಗಲೇ ಬಾಯಿ "ಒಳಗೆ ಬನ್ನಿ" ಅಂದುಬಿಟ್ಟಿತ್ತು.

ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಮೊಟ್ಟೆ ಒಡೆದು ಹಾಕಿಸಿದಳು. ಕಿರಿಯವಳು ಹೆದರಿ ಹೆದರಿ ನಾದುವುದನ್ನು ನೋಡಲಾಗಲಿಲ್ಲ. "ಅದೇನು ಮಗುವಿನ ಬೆನ್ನು ಸವರ್ತಿದ್ದೀಯಾ? ಅಂಗೈ ಊರಿ ಒತ್ತು!" ಬಹುವಚನ ಯಾವಾಗ ಕಳಚಿಬಿತ್ತೋ ಇಬ್ಬರಿಗೂ ತಿಳಿಯಲಿಲ್ಲ.

ಮುದ್ದೆಯನ್ನು ಒದ್ದೆ ಬಟ್ಟೆಯಡಿ ಅರ್ಧ ಗಂಟೆ ಬಿಟ್ಟು, ತೆಳ್ಳಗೆ ಲಟ್ಟಿಸಿ, ಸುರುಳಿ ಸುತ್ತಿ, ಚಾಕುವಿನಲ್ಲಿ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಉಪ್ಪುನೀರಿನಲ್ಲಿ ಬೇಯಿಸಿದರು. ಎಣ್ಣೆಯಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದಾಗ ಟೊಮೇಟೊ ಬಿತ್ತು. ದರ್ಜಿ ಅಕ್ಕ ಕಿಟಕಿಯ ಕುಂಡದಿಂದ ಒಂದು ಹಿಡಿ ಕಾಮಕಸ್ತೂರಿ ಎಲೆ ಕಿತ್ತು ತಂದಳು. ಅದನ್ನು ಕೊನೆಯಲ್ಲಿ, ಒಲೆ ಆರಿಸಿದ ಮೇಲೆ ಹಾಕಬೇಕು. ಮೊದಲೇ ಹಾಕಿದರೆ ಘಮವೆಲ್ಲ ಹೋಗುತ್ತದೆ. ಇದನ್ನು ಹೇಳದೆ ಇದ್ದುಬಿಟ್ಟರೆ? ಒಂದು ಗಳಿಗೆ ಎಲೆಗಳನ್ನು ಮುಷ್ಟಿಯಲ್ಲೇ ಹಿಡಿದು ನಿಂತಳು. ಆಮೇಲೆ ಹೇಳಿದಳು. ಕಿರಿಯವಳು ಹೊರಟಾಗ ಅವಳ ಕೈಗೆ ಒಂದು ಹಿಡಿ ಸೊಪ್ಪನ್ನೂ ಕಟ್ಟಿಕೊಟ್ಟಳು.

ಮರುದಿನ ಮಧ್ಯಾಹ್ನ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆದುಕೊಳ್ಳುತ್ತಿರುವಾಗ ಕಿರಿಯವಳ ಫೋನ್ ಬಂತು.

"ಒಂದು ತುತ್ತು ತಿಂದು 'ಇದಲ್ಲ' ಅಂತ ತಟ್ಟೆ ಸರಿಸಿಬಿಟ್ರು. ಬೇಜಾರು ಮಾಡ್ಕೋಬೇಡಿ ಅಕ್ಕಾ... ಏನಾದ್ರೂ ಮುಚ್ಚಿಟ್ರಾ?"

ದರ್ಜಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನನಗೇನು ಬೇರೆ ಕೆಲಸ ಇಲ್ವಾ" ಎಂದು ಬಾಯಿ ತೆರೆದವಳು ಅಲ್ಲಿಗೇ ನಿಂತಳು. ಆತ ಜೊತೆಗಿದ್ದಾಗ ಇದ್ದದ್ದು ಒಂದೇ ಕೋಣೆ, ಒಲೆಯ ಪಕ್ಕದಲ್ಲೇ ಹೊಲಿಗೆ ಯಂತ್ರ. ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ಇದೊಂದು ಅಂಚು ಮುಗಿಸಿಬಿಡೋಣ ಎಂದು ಪೆಡಲ್ ತುಳಿಯಲು ಕೂರುತ್ತಿದ್ದಳು. ಪ್ರತಿ ಸಲವೂ ಸೀದುಹೋಗುತ್ತಿತ್ತು. ಪ್ರತಿ ಸಲವೂ ಜಗಳ.

"ಬೆಳ್ಳುಳ್ಳಿ ಕಪ್ಪಗಾಗೋವರೆಗೂ ಬಿಡು" ಎಂದಳು.

"ಕಹಿ ಆಗಲ್ವಾ?"

"ಆಗುತ್ತೆ."

"ಮತ್ತೆ ಅವರು ಹೇಗೆ ತಿಂತಿದ್ರು?"

"ಬೈಕೊಂಡು ತಿಂತಿದ್ರು ಕಣೆ."

ತಟ್ಟೆಯಲ್ಲಿ ಏನಾದರೂ ಉಳಿಸುತ್ತಿದ್ದನೇ? ನೆನಪಿಸಿಕೊಳ್ಳಲು ನೋಡಿದಳು. ಉಳಿಸಿದ ಒಂದು ದಿನವೂ ನೆನಪಿಗೆ ಬರಲಿಲ್ಲ. ನಗು ಬಂದಂತಾಯಿತು, ಹಿಂದೆಯೇ ಸಿಟ್ಟು. ಇಷ್ಟ ಅಂತ ಆತ ಆಗಲೇ ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಹೇಳಿದ್ದರೆ ತಾನಾದರೂ ನಂಬುತ್ತಿದ್ದಳೇ?

"ತೋಳು ಎಷ್ಟು ಬಂತು?" ಗಿರಾಕಿ ಕೇಳಿದಳು.

ದರ್ಜಿ ಅಕ್ಕ ಟೇಪನ್ನು ಮತ್ತೆ ಭುಜಕ್ಕೆ ಹಿಡಿದು ಮೊಣಕೈವರೆಗೆ ಎಳೆದಳು. ಸಂಖ್ಯೆ ನೋಡಿದಳು, ಬರೆಯಲು ಪೆನ್ಸಿಲ್ ಎತ್ತಿದಳು, ಪೆನ್ಸಿಲ್ ಕೆಳಗಿಟ್ಟಳು.

"ಕೈ ಇನ್ನೊಂದ್ಸಲ ಚಾಚಮ್ಮಾ" ಎಂದಳು.