ಶಲ್ಯದವನು ಎತ್ತಿದ ಕಾಲು

ಹೇನು, ಹೇನಿನಷ್ಟಿದ್ದಾನೆ ನನ್ಮಗ, ಅಂಗೈಯಗಲದ ಗಾಜಿನೊಳಗೆ ಆ ಕೆಂಪು ಚುಕ್ಕೆ ಹಾರಾಡುವುದು ಓರೆಗಣ್ಣಿಗೆ ಬಿದ್ದದ್ದೇ ಅಂಜಿನೇಯನ ಮೈಯೆಲ್ಲ ಉರಿಯಿತು, ಚಳ್ಳಕೆರೆಯ ಟಾಕೀಸಿನ ಪರದೆಯ ಮೇಲೆ ಇದೇ ಮನುಷ್ಯ ಹನ್ನೆರಡು ಆಳೆತ್ತರ ನಿಂತಿದ್ದ, ಅವನ ಮೂಗಿನ ಹೊಳ್ಳೆಯೊಳಗೆ ಎತ್ತಿನಗಾಡಿ ಹೊಡೆದುಕೊಂಡು ಹೋಗಿ ತಿರುಗಿಸಿಕೊಂಡು ಬರಬಹುದಿತ್ತು, ಅವನು ಶಲ್ಯ ಕೊಡವಿದರೆ ಗಾಂಧಿ ಕ್ಲಾಸಿನ ಮುಂದಿನ ಮೂರು ಸಾಲಿನ ಬೀಡಿಗಳು ಒಟ್ಟಿಗೆ ಆರಿಹೋಗುತ್ತಿದ್ದವು, ಈಗ ನೋಡಿದರೆ ಗೂಡ್ಸ್ ಆಟೋದೊಳಗೆ, ಸ್ಟಿಯರಿಂಗಿನ ಪಕ್ಕ, ಮಗಳ ಮೊಬೈಲಿನಲ್ಲಿ ಗುಂಗುರಿನಂತೆ ಗುಂಯ್‌ಗುಡುತ್ತಿದ್ದಾನೆ — ಶಲ್ಯ ಅಲ್ಲಪ್ಪ ಅದು, ಕೇಪು, ಎಂದಳು ತೇಜಶ್ರೀ, ಒಂಬತ್ತನೇ ಕ್ಲಾಸು ಮುಗಿಸಿದ ಪಂಡಿತೆ — ಅವಳಿಗೇನು ಗೊತ್ತು, ಅದು ಶಲ್ಯವೇ, ಆ ಕಾಲದವರನ್ನು ಯಾರನ್ನೇ ಕೇಳಿದರೂ ಶಲ್ಯದವನ ಸಿನಿಮಾ ಎಂದೇ ಹೇಳುತ್ತಾರೆ, ಅವನ ಇಂಗ್ಲಿಷ್ ಹೆಸರು ಯಾವನ ಬಾಯಿಗೂ ಬರುತ್ತಿರಲಿಲ್ಲ, ಮೂರು ಭಾಗ, ಮೂರೂ ತೆಲುಗು ಡಬ್ಬಿಂಗು, ಮೂರೂ ಸೇರಿ ನಲವತ್ತೆಂಟು ಸಲ ನೋಡಿದ್ದ ಅಂಜಿನೇಯ, ಒಮ್ಮೆ ನೂರಾಹತ್ತು ಡಿಗ್ರಿ ಜ್ವರದಲ್ಲಿ — ಮೊನ್ನೆ ನೀನೇ ಅವ್ವನ ಹತ್ರ ಇಪ್ಪತ್ ಸಲ ಅಂದಿದ್ದೆ, ಎಂದಳು — ಇಪ್ಪತ್ತು ಬರೀ ಮೂರನೇ ಭಾಗ ಕಣೇ, ಸುಮ್ನಿರು. ರಜೆಯಲ್ಲಿ ಅವಳೇ ಮೊಬೈಲಿನಲ್ಲಿ ಇದನ್ನು ಕನ್ನಡದಲ್ಲಿ ಹುಡುಕಿ ತೆಗೆದಿದ್ದಳು, ಮೊದಲನೆಯದನ್ನು ಶುಕ್ರವಾರ ನೋಡಿದ್ದಾಯಿತು, ಹಾರುವಾಗ ಬೆನ್ನಿಗೆ ಕಟ್ಟಿದ ತಂತಿ ಕಾಣಿಸುತ್ತಿತ್ತು, ತಂತಿ, ಹದಿನೆಂಟು ವರ್ಷ ತಾನು ಪೂಜೆ ಮಾಡಿದವನ ಬೆನ್ನಲ್ಲಿ ಬಟ್ಟೆ ಒಣಹಾಕುವ ತಂತಿ, ಎರಡನೆಯದರಲ್ಲಿ ಬೆಂಕಿ ಉಗುಳುವ ರಾಕ್ಷಸ ರಟ್ಟಿನ ಡಬ್ಬ, ಮಗಳು ಬಿದ್ದು ಬಿದ್ದು ನಕ್ಕಳು, ಅವನು ಊಟ ಬಿಟ್ಟೆದ್ದು ಹೋಗಿದ್ದ, ಇವತ್ತು ಮೂರನೆಯದು, ಅದೂ ಇವತ್ತೇ, ಅದೂ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲೇ, ಎಲ್ಲ ಸೇರಿ ಸಂಚು ಮಾಡಿದಂತೆ.

ಸಂಚೇ ಅದು, ಹೆಂಡತಿ ನಿರ್ಮಲಾಳ ಸಂಚು, ತಮ್ಮನ ಮದುವೆಗೆ ಮೊಳಕಾಲ್ಮೂರು ಸೀರೆ ಬೇಕು ಎಂದು ಮೂರು ತಿಂಗಳ ಹಿಂದೆಯೇ ಫೋನಿನಲ್ಲಿ ಹೇಳಿ ನೇಯಿಸಲು ಕೊಟ್ಟವಳು, ಯಾರ ಮಗ್ಗ ಎಂಬುದನ್ನು ಇವತ್ತು ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟ ಮೇಲೆ ಬಾಯಿಬಿಟ್ಟಳು, ನೋಡ್ರಿ, ಮಾರುತಿಯಣ್ಣನ ಮಗ್ಗದ್ದೇ, ಆ ನವಿಲಂಚು ಅವರ್ನ ಬಿಟ್ರೆ ಯಾರ್ಗೂ ಬರಲ್ಲ, ಹೋಗಿ ಇಸ್ಕಂಡ್ ಬರ್ರಿ — ಮಾರುತಿಯಣ್ಣ! ಅಣ್ಣನಂತೆ! ಉಪ್ಪಿಟ್ಟು ಗಂಟಲಲ್ಲಿ ಜಲ್ಲಿಯಾಯಿತು, ಹೋಗ್ತೀನಿ, ಹೋಗೇ ಹೋಗ್ತೀನಿ, ಇಸ್ಕಂಡ್ ಬರಕಲ್ಲ, ಅವನ ಸೀರೆ ಅವನ ಮುಖಕ್ಕೇ ಎಸೆದು ಬರಕೆ ಎಂದು ಅಬ್ಬರಿಸಿ ಗಾಡಿ ತೆಗೆದಿದ್ದ, ಅಬ್ಬರಕ್ಕೆ ಓಣಿಯ ನಾಯಿಗಳು ತಳಕಿನ ತನಕ ಓಡಿದವು ಎಂದು ಬೇಕಾದರೆ ಬರೆದುಕೊಡುತ್ತಾನೆ, ಮಗಳು ಮಾತ್ರ ಮೊಬೈಲ್ ಹಿಡಿದು ಪಕ್ಕದಲ್ಲಿ ಹತ್ತಿ ಕೂತಳು, ನಾನೂ ಬರ್ತೀನಿ, ನೀನು ಜಗಳ ಆಡೋದ್ ನೋಡ್ಬೇಕು. ತಳಕು ದಾಟುವುದರೊಳಗೆ ಹೇಳಬೇಕಾದ ಮಾತನ್ನು ಹದಿನಾರು ಸಲ ಗಟ್ಟಿಯಾಗಿ ಅಭ್ಯಾಸ ಮಾಡಿದ್ದ, ಅವನ ಭಾಷೆಯಲ್ಲೇ ಹೇಳಬೇಕು, ನೆಟ್ಟಗೆ ನಾಟಬೇಕು, ನೀ ಚೀರ ಮಾಕು ವದ್ದು, ನಿನ್ನ ಸೀರೆ ನಮಗೆ ಬೇಡ, ನೀ ಚೀರ ಮಾಕು ವದ್ದು, ತೆಲುಗೆಂದರೆ ಅಂಜಿನೇಯನಿಗೆ ಅಂಗೈ ನೆಲ್ಲಿ, ವಾರಕ್ಕೆರಡು ಸಲ ರಾಂಪುರಕ್ಕೆ ಶೇಂಗಾ ಹಿಂಡಿ ಇಳಿಸುವವನು, ಅಲ್ಲಿನ ಅಂಗಡಿಯವರು ನೀವು ಗುಂಟೂರಿನವರಾ ಎಂದು ಕೇಳುತ್ತಾರೆ, ಹೋದ ವಾರ ಒಂದು ಚೀಲ ಹರಿದು ಹಿಂಡಿಯೆಲ್ಲ ರಸ್ತೆ ಪಾಲಾದಾಗಲೂ ಅಂಗಡಿಯ ಹನುಮಂತರಾಯ ನಕ್ಕು ಪೋನೀಲೇ ಅಂಜಿನೇಯಾ, ಹೋಗಲಿ ಬಿಡು ಎಂದಿದ್ದ, ಪೋನೀಲೇ ಎಂದು ಇವನೂ ನಕ್ಕಿದ್ದ, ಅಂಥ ತೆಲುಗು.

ಮಾರುತಿಯ ಹತ್ತಿರ ಮಾತ್ರ ಎಂದೂ ತೆಲುಗು ಆಡಿದ್ದಿಲ್ಲ, ಆಗ ಬರುತ್ತಲೂ ಇರಲಿಲ್ಲ, ಅವನೂ ಆಡುತ್ತಿರಲಿಲ್ಲ, ಐಟಿಐನ ಎರಡು ವರ್ಷ ಒಂದೇ ಬೆಂಚು, ಒಂದೇ ಡಬ್ಬಿಯ ಬುತ್ತಿ, ಅಂಜಿನೇಯ ಮಾರುತಿ, ಒಂದೇ ದೇವರ ಎರಡು ಹೆಸರು ಎಂದು ಮೇಷ್ಟ್ರು ಇಬ್ಬರಿಗೂ ಸೇರಿಸಿಯೇ ಹಾಜರಿ ಹಾಕುತ್ತಿದ್ದರು, ನನ್ನಿವಾಳದ ಹೊಲದಿಂದ ಬಂದವನು ಇವನು, ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ಬಂದವನು ಅವನು, ಮನೆಯಲ್ಲಿ ಅಪ್ಪ ಅವ್ವನೊಡನೆ ತೆಲುಗಿನಲ್ಲಿ ಚಿಟಪಟ ಎನ್ನುವವನು ಇವನ ಕಡೆ ತಿರುಗಿದ ಕೂಡಲೇ ಕನ್ನಡ, ಏನ್ಲೇ, ಹೋಗಣೇನ್ಲೇ, ಸಿನಿಮಾ ಸುರುವಾತು ಬಾರ್ಲೇ — ಕಾಲು, ಆ ಕಾಲು, ಮೂರನೇ ಭಾಗದ ಕೊನೆಯಲ್ಲಿ ಅಣೆಕಟ್ಟಿನ ಮೇಲೆ ಶಲ್ಯದವನು ಎತ್ತಿದ ಆ ಬಲಗಾಲು, ಪರದೆಯ ತುಂಬ ಒಂದೇ ಒಂದು ಕಾಲು, ಕೆಳಗೆ ಕಬ್ಬಿಣದ ಸನ್ನೆಕೋಲು, ಪಕ್ಕದಲ್ಲಿ ಅವನ ಜೀವದ ಗೆಳೆಯ, ಕನ್ನಡಕದ ಗಿಡ್ಡ, ಬಾಯಿ ಅಗಲಿಸಿ ಕೂಗುತ್ತಾನೆ, ಒದ್ದು, ಒದ್ದು, ಶಲ್ಯದವನು ಒದೆಯುತ್ತಾನೆ, ತೂಬು ಕಿತ್ತು ಊರೇ ಮುಳುಗುತ್ತದೆ, ದ್ರೋಹಿ! ಗೆಳೆಯನಂತೆ ಜೊತೆಗಿದ್ದು ಒದಿ ಎಂದವನು! ಅಂಜಿನೇಯ ಚಪ್ಪಲಿ ತೆಗೆದು ಪರದೆಗೆ ಎಸೆದಿದ್ದ, ಆ ಚಪ್ಪಲಿ ಪರದೆ ಹರಿದುಕೊಂಡು ಆಚೆ ಓಣಿಯಲ್ಲಿ ಬಿತ್ತು, ಬರಿಗಾಲಲ್ಲೇ ಮಾರುತಿಯ ಜೊತೆ ಬಸ್ಸು ಹತ್ತಿ ಅವನ ಮನೆಗೆ ಹೋದದ್ದು, ದಾರಿಯುದ್ದಕ್ಕೂ ಜಗಳ, ಆ ಗಿಡ್ಡ ದ್ರೋಹಿ ಕಣ್ಲೇ, ಅಲ್ಲಲೇ ಎಂದ ಮಾರುತಿ, ಅವನು ಹೇಳಿದ್ದು ಸರಿ ಐತೆ, ಸರಿನಾ, ಅವನ ಮಾತು ಕೇಳಿ ಊರು ಮುಳುಗ್ತಲ್ಲೋ, ಕೇಳ್ದೆ ಮುಳುಗಿದ್ದು ಕಣ್ಲೇ, ಕೇಳೇ ಮುಳುಗಿದ್ದು, ಕೇಳ್ದೆ, ಕೇಳೇ, ಕಂಡಕ್ಟರು ಇಬ್ಬರನ್ನೂ ಇಳಿಸುತ್ತೇನೆಂದ. ಮನೆಯೊಳಗೆ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ ಮಾರುತಿಯ ಅಪ್ಪ ಗುರುಸ್ವಾಮಿ, ಮಗಳ ಮದುವೆಗೆ ತಾನೇ ನೇಯುತ್ತಿದ್ದ ಕೆಂಪು ಸೀರೆ, ಹಾಸಿನ ಸಾವಿರಾರು ಎಳೆಗಳು ನೆಲದಿಂದ ಮೊಳದೆತ್ತರಕ್ಕೆ ಈ ಗೋಡೆಯಿಂದ ಆ ಗೋಡೆಗೆ ಬಿಗಿದು ನಿಂತಿದ್ದವು, ಊದಿದರೆ ವೀಣೆಯಂತೆ ಮಿಡಿಯುವಷ್ಟು ಬಿಗಿ, ನೋಡ್ಲೇ, ಹಿಂಗೆ ಕಾಲೆತ್ತಿದಾಗ ನಿಜವಾದ ಗೆಳೆಯ ಏನಂತಾನೆ ಹೇಳು ನೋಡಾಣ ಎಂದು ಅಂಜಿನೇಯ ಆ ಎಳೆಗಳ ಮೇಲೆ ಬಲಗಾಲು ಎತ್ತಿದ, ಬರೀ ಎತ್ತಿದ್ದು, ದೇವರಾಣೆ ಬರೀ ಆಟಕ್ಕೆ, ಮಾರುತಿ ಬಾಯಿ ಅಗಲಿಸಿದ, ಗಿಡ್ಡನ ಹಾಗೆಯೇ, ಒದ್ದು, ಒದ್ದು! ಒದೀಬೇಕಾ? ನನ್ನನ್ನೇ ಕೆಣಕ್ತೀಯೇನ್ಲೇ? ಒದ್ದ. ಟಪ್ ಎನ್ನಲಿಲ್ಲ, ಮಳೆ ಬಂದಂತೆ ಸರ್ ಎಂದಿತು, ಎಳೆಗಳು ಕಿತ್ತು ಕೂದಲಿನಂತೆ ಸುರುಳಿ ಸುತ್ತಿಕೊಂಡವು, ಗುರುಸ್ವಾಮಿ ಲಾಳಿ ಕೆಳಗಿಟ್ಟು ಇವನನ್ನು ನೋಡಿ ಒಂದೇ ಮಾತು ಹೇಳಿದ, ಪೋ ನೀ ಲೇ. ಹೋಗೋ ನೀನು, ಲೇ ಅಂತೆ, ಉಂಡ ಮನೆಯ ಹಿರಿಯ ಲೇ ಎಂದ, ಬರಿಗಾಲಲ್ಲಿ ಬಂದವನು ಬರಿಗಾಲಲ್ಲೇ ಹೊರಟ, ಹದಿನೆಂಟು ವರ್ಷ ಆ ಓಣಿಗೆ ಕಾಲಿಟ್ಟಿಲ್ಲ, ಹದಿನೆಂಟು ವರ್ಷ ಚಳ್ಳಕೆರೆಯ ಪ್ರತಿ ಟೀ ಅಂಗಡಿಯಲ್ಲೂ ಕಥೆ ಹೇಳಿದ, ಅವನೇ ಒದಿ ಅಂದ, ನಾನು ಒದ್ದೆ, ನಂದೇನೈತೆ ತಪ್ಪು, ಜನ ಬೆಂಚು ಗುದ್ದಿ ಗುದ್ದಿ ನಕ್ಕರು, ಮೂರು ವರ್ಷದ ಹಿಂದೆ ಗುರುಸ್ವಾಮಿ ತೀರಿಕೊಂಡ ಸುದ್ದಿ ಬಂದಾಗಲೂ ಟೀ ಕುಡಿಯುತ್ತಿದ್ದ, ಲೇ ಎಂದವನ ಮಣ್ಣಿಗೆ ನಾನ್ಯಾಕೆ ಹೋಗಲಿ, ಲೋಟ ಖಾಲಿ ಮಾಡಿ ಇನ್ನೊಂದು ಹೇಳಿದ್ದ.

ಬಂತಪ್ಪ, ನಿನ್ ಅಣೆಕಟ್ಟು ಬಂತು ಎಂದಳು ತೇಜಶ್ರೀ, ಗಾಡಿ ಓಡಿಸುವವನಿಗೆ ನೋಡಲಾಗದು, ಕಿವಿ ಮಾತ್ರ ಅತ್ತ, ನೀರಿನ ಸದ್ದು, ತಮಟೆ ಬಡಿದಂಥ ಸಂಗೀತ, ಈಗ ಕಾಲೆತ್ತುತ್ತಾನೆ, ಎತ್ತಿದ, ಈಗ ಗಿಡ್ಡ ಕೂಗುತ್ತಾನೆ, ಕೂಗು ದ್ರೋಹಿ — ಬೇಡ! ಬೇಡ ಗೆಳೆಯಾ, ಬೇಡ! ಏನಂದ? ಬೇಡ ಅಂದನಾ? ಎಲಾ ಇವರ, ಮಾತು ಬದಲಾಯಿಸಿದ್ದಾರೆ, ಡಬ್ಬಿಂಗಿನವರು ದ್ರೋಹಿಯನ್ನೇ ದೇವರು ಮಾಡಿಬಿಟ್ಟಿದ್ದಾರೆ, ಯಾವನವನು ಬರೆದವನು, ಇಪ್ಪತ್ತು ಸಲ ಕೇಳಿದ ಕಿವಿ ಇದು, ಒದ್ದು ಅಂತಾನೆ ಅವನು, ಒದ್ದು, ಕೇಸ್ ಹಾಕಬೇಕು ಇವರ ಮೇಲೆ ಎಂದು ಅವನು ಸ್ಟಿಯರಿಂಗಿಗೆ ಗುದ್ದಿದ್ದಕ್ಕೆ ಹಾರನ್ನು ಕಿರುಚಿಕೊಂಡು ಎದುರಿನ ಕುರಿಮಂದೆ ಎರಡು ಹೋಳಾಯಿತು, ತಡಿಯಪ್ಪ, ಇದ್ರಾಗೆ ತೆಲುಗೂ ಐತೆ, ಹಾಕ್ತೀನಿ, ಹಾಕು, ಹಾಕಿ ಕೇಳು, ನಿನ್ನಪ್ಪ ಸುಳ್ಳು ಹೇಳ್ತಾನಾ ಅಂತ ಗೊತ್ತಾಗ್ಲಿ, ನೀರಿನ ಸದ್ದು, ತಮಟೆ, ಕಾಲು, ವದ್ದು! ವದ್ದುರಾ! ಹಾಂ, ಕೇಳಿದ್ಯಾ, ಒದ್ದು ಅಂದ್ನಾ ಇಲ್ವಾ? ಮಗಳು ನಗಲಿಲ್ಲ, ಅದೇ ಅವನಿಗೆ ಸರಿಬರಲಿಲ್ಲ, ಅಪ್ಪ, ವದ್ದು ಅಂದ್ರೆ ಬೇಡ ಅಂತ ಅಲ್ವಾ, ಬೆಳಗ್ಗಿಂದ ನೀನೇ ಹೇಳ್ತಿದೀಯಲ್ಲ, ನೀ ಚೀರ ಮಾಕು ವದ್ದು. ಗೊತ್ತು, ನನಗೆ ಗೊತ್ತಿಲ್ವಾ, ರಾಂಪುರದಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು, ಟೀ ವದ್ದು, ಬಿಲ್ಲು ವದ್ದು, ಆದರೆ ಅದು ಬೇರೆ, ಆ ಗಿಡ್ಡನದು ಬೇರೆ, ಮಾರುತಿಯದು — ಮಾರುತಿ ನನ್ನ ಹತ್ತಿರ ಕನ್ನಡದಲ್ಲೇ ಅಲ್ಲವಾ ಮಾತಾಡುತ್ತಿದ್ದದ್ದು, ಯಾವಾಗಲೂ ಕನ್ನಡ, ಆ ಒಂದು ಸಲ ಕನ್ನಡದಲ್ಲಿ ಕೂಗಲಿಕ್ಕೆ ಅವನಿಗೇನು ದಾಡಿ, ಬೇಡ ಎನ್ನಲಿಕ್ಕೆ ಏನು ರೋಗ, ಅವನದೇ ತಪ್ಪು, ಈಗಲೂ ಅವನದೇ — ಹೋದ ವರ್ಷ ಲಾರಿ ಮೈಮೇಲೆ ಬಂದಾಗ ನೀನೇನಂತ ಕೂಗಿದೆಯೋ ಅಂಜಿನೇಯಾ, ಗುಂಟೂರಿನ ತೆಲುಗಿನಲ್ಲಿ ಕೂಗಿದೆಯಾ, ಯವ್ವಾ ಎಂದೆ, ನನ್ನಿವಾಳದ ಹೊಲದಲ್ಲಿ ಕೂಗಿದ ಹಾಗೆ ಯವ್ವಾ ಎಂದೆ.

ಬಂಡೆಗಳ ಗುಡ್ಡ ಕಂಡಿತು, ಮೊಳಕಾಲ್ಮೂರು, ಬಲಗಾಲು ಎಕ್ಸಲೇಟರಿನ ಮೇಲೆ, ಇದೇ ಕಾಲು, ಕೊಯ್ದು ನಾಯಿಗೆ ಹಾಕಬೇಕು, ಇಪ್ಪತ್ತು ಸಲ ನೋಡಿದೆನಂತೆ, ಇಪ್ಪತ್ತು ಸಲ ಕೇಳಿದೆನಂತೆ, ಕಿವಿಯಲ್ಲಿ ಹಿಂಡಿ ತುಂಬಿಕೊಂಡಿತ್ತಾ, ಕೇಳ್ದೆ ಮುಳುಗಿದ್ದು ಕಣ್ಲೇ ಎಂದು ಬಸ್ಸಿನುದ್ದಕ್ಕೂ ಬಡಿದುಕೊಂಡನಲ್ಲ ಅವನು, ಪೋನೀಲೇ ಅಪ್ಪ, ಆಗಿದ್ದಾತು ಎಂದಳು ತೇಜಶ್ರೀ ಸಮಾಧಾನಕ್ಕೆ, ರಾಂಪುರಕ್ಕೆ ಜೊತೆಯಲ್ಲಿ ಬಂದು ಬಂದು ಕಲಿತದ್ದು, ಏನಂದೆ ಎಂದ, ಪೋನೀಲೇ ಅಂದೆ, ಏನಂದೆ, ಹೋಗ್ಲಿ ಬಿಡು ಅಂದೆ ಕಣಪ್ಪ, ಯಾಕೆ ಹಂಗ್ ನೋಡ್ತೀಯಾ — ಪೋ ನೀ ಲೇ. ಪೋನೀಲೇ. ಲಾಳಿ ಕೆಳಗಿಟ್ಟು, ಮಗಳ ಸೀರೆಯ ಕಿತ್ತ ಎಳೆಗಳ ನಡುವೆ ಕೂತು, ಮುದುಕ ಹೇಳಿದ್ದು ಬಯ್ಗುಳವಲ್ಲ, ಹೋಗಲಿ ಬಿಡು, ಹೋಗಲಿ ಬಿಡು ಎಂದವನ ಮಣ್ಣಿಗೆ ಹೋಗದೆ ಇನ್ನೊಂದು ಟೀ ಹೇಳಿದವನು ನೀನು, ನಲವತ್ತೆಂಟು ಸಲ, ಥೂ, ಗಾಡಿ ಹೇಗೆ ನಿಂತಿತೋ, ಯಾವಾಗ ಇಳಿದನೋ, ಓಣಿಯಲ್ಲಿ ಮಗ್ಗದ ಟಕಟಕ, ಅದೇ ನೀಲಿ ಬಾಗಿಲು, ಚಪ್ಪಲಿ ಬಿಟ್ಟು ಹೊಸಿಲ ಮುಂದೆ ನಿಂತ, ಒಳಗೆ ಮಬ್ಬಿನಲ್ಲಿ ಬೆನ್ನು ಮಾಡಿ ಕೂತ ಮಾರುತಿಯ ಹೆಗಲು ಅವನಪ್ಪನದೇ ಅಚ್ಚು, ತಲೆ ಅರ್ಧ ಬೆಳ್ಳಗೆ, ಹೊಸಿಲಿಂದ ಎರಡು ಗೇಣಿನಾಚೆ ಬೇರೆ ಯಾರದೋ ಮದುವೆಯ ಕೆಂಪು ಹಾಸು ಗೋಡೆಯಿಂದ ಗೋಡೆಗೆ, ಮೊಳದೆತ್ತರ, ಹೊಸಿಲು ದಾಟಲೆಂದು ಅಂಜಿನೇಯ ಬಲಗಾಲು ಎತ್ತಿದ, ಟಕಟಕ ನಿಂತಿತು, ಎವರು ಎಂದ ಒಳಗಿನವನು ತಿರುಗದೆ, ಯಾರು, ಬಾಯಿಗೆ ಬಂದದ್ದು ದಾರಿಯುದ್ದಕ್ಕೂ ಉರು ಹೊಡೆದ ಅದೊಂದೇ ಮಾತು, ನೀ ಚೀರ ಮಾಕು ವದ್ದು, ಅದು ಬಿಟ್ಟು ಬೇರೆ ಯಾವ ಭಾಷೆಯ ಯಾವ ಮಾತೂ ಇಲ್ಲ, ಅಪ್ಪ, ಕಾಲಿಡು ಎಂದಳು ಹಿಂದಿನಿಂದ ಮಗಳು, ಒಳಗಿನವನು ತಿರುಗಿದ, ಕಂಡ, ಬಾಯಿ ಅಗಲಿಸಿದ, ಹದಿನೆಂಟು ವರ್ಷದ ಹಿಂದಿನ ಹಾಗೆಯೇ, ಎತ್ತಿದ ಕಾಲು, ಅದರ ಕೆಳಗೆ ಬಿಗಿದು ನಿಂತ ಕೆಂಪು ಎಳೆಗಳು, ಎತ್ತಿದ ಕಾಲು, ಕೆಂಪು ಎಳೆಗಳು, ಕಾಲು —