ಪಲ್ಲಾಡಿಯಂ ಇಲ್ಲದೆ

ದೊಡ್ಡಬಳ್ಳಾಪುರದ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅನಿತ ಮೂರು ವರ್ಷ ಒಂದೇ ಕೆಲಸಕ್ಕೆ ಬಿದ್ದಿದ್ದಳು. ಎರಡು ಬೆಂಜೀನ್ ಉಂಗುರಗಳನ್ನು ಒಂದಕ್ಕೊಂದು ಬೆಸೆಯಬೇಕು; ಆದರೆ ಅದಕ್ಕೆ ಎಲ್ಲರೂ ಬಳಸುವ ಪಲ್ಲಾಡಿಯಂ ಲೋಹವನ್ನು ಮುಟ್ಟಬಾರದು. ಆ ಲೋಹದ ಕಣ ಔಷಧದಲ್ಲಿ ಉಳಿದರೆ ರೋಗಿಗೆ ಕೇಡು. ಬರೀ ಕ್ಷಾರದಿಂದಲೇ ಬೆಸುಗೆ ಆದೀತು ಎಂದು ಮೊದಲು ನಂಬಿದವರು ಅವಳ ಮೇಲಧಿಕಾರಿ ಮುನಿಕೃಷ್ಣ. ಕೊನೆಗೂ ಆಯಿತು. ಆರಿಸಿದ ಹನ್ನೆರಡು ಜೋಡಿಗಳೂ ಬೆಸೆದುಕೊಂಡವು. ಅದರ ಬಗ್ಗೆ ಬರೆದ ಪ್ರಬಂಧಕ್ಕೆ ವಿಜ್ಞಾನ ಪತ್ರಿಕೆಯೊಂದರ ಒಪ್ಪಿಗೆಯೂ ಬಂತು. ಮುನಿಕೃಷ್ಣರ ನಿವೃತ್ತಿಗೆ ಇನ್ನು ಹದಿನೈದು ದಿನವಿತ್ತು.

ಅಷ್ಟರಲ್ಲಿ ಹೊಸ ಗಾಜಿನ ಪಾತ್ರೆಗಳೂ ದ್ರಾವಣ ಕಲಕುವ ಹೊಸ ಮ್ಯಾಗ್ನೆಟ್‌ಗಳೂ ಬಂದವು. ಅನಿತ ಅವುಗಳಲ್ಲಿ ಹಳೆಯ ಪ್ರಯೋಗವನ್ನೇ ಮಾಡಿದಳು. ಏನೂ ಆಗಲಿಲ್ಲ. ಮತ್ತೆ ಮಾಡಿದಳು, ಆಗಲಿಲ್ಲ. ಹಳೆಯ ಮ್ಯಾಗ್ನೆಟ್ ಹಾಕಿದಳು, ಆಯಿತು. ಅದರ ಬಿಳಿ ಹೊದಿಕೆಯ ಗೀರುಗಳಲ್ಲಿ ಮಸಿಯಂಥದ್ದೇನೋ ಕೂತಿತ್ತು. ಪರೀಕ್ಷೆಗೆ ಕಳಿಸಿದಾಗ ಗೊತ್ತಾಯಿತು: ಹಿಂದೆ ಯಾರೋ ಮಾಡಿದ ಪ್ರಯೋಗಗಳಿಂದ ಅಂಟಿಕೊಂಡಿದ್ದ ಪಲ್ಲಾಡಿಯಂ. ಇಷ್ಟು ದಿನ ಬೆಸೆದದ್ದು ಅದೇ.

ಪಕ್ಕದ ಮೇಜಿನ ವಸಂತ್ ವರದಿ ಓದಿ ದನಿ ತಗ್ಗಿಸಿದ. "ಸಾರ್ ರಿಟೈರ್ ಆಗೋವರ್ಗೂ ಸುಮ್ನಿರು ಅನಿತ. ಆಮೇಲ್ ನೋಡ್ಕೊಂಡ್ರಾಯ್ತು."

ಅವಳಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಮುನಿಕೃಷ್ಣ ತಮ್ಮ ಊರು ಆವತಿಯ ಮನೆಯಿಂದ ಹಲಸಿನ ತೊಳೆ ತಂದು ಎಲ್ಲರಿಗೂ ಹಂಚಿದರು. ಅನಿತ ಒಂದು ತೊಳೆ ತಿಂದು ಉಳಿದದ್ದನ್ನು ಪಕ್ಕಕ್ಕಿಟ್ಟಳು. ಕೈ ತೊಳೆದುಕೊಂಡು ಅವರ ಕೋಣೆಗೆ ಹೋಗಿ ವರದಿಯನ್ನು ಮುಂದಿಟ್ಟಳು.

ಅವರು ಎರಡು ಸಲ ಓದಿದರು. "ಎಷ್ಟ್ ಸಲ ಮಾಡಿ ನೋಡ್ದೆ?"

"ಒಂಬತ್ತು ಸಲ, ಸಾರ್."

ಅವರು ವರದಿಯನ್ನು ಮಡಿಸಿಟ್ಟರು. ಆಮೇಲೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಹಳೇ ಮ್ಯಾಗ್ನೆಟ್‌ಗಳ್ನ ಎಸೀಬೇಡಿ, ತೊಳ್ದು ಇಟ್ಕೊಳಿ ಅಂದಿದ್ದು ನಾನೇ ಕಣಮ್ಮ."

"ಪತ್ರಿಕೆಯವ್ರಿಗೆ ತಪ್ಪು ನಂದು ಅಂತ ಬರೀರಿ, ಸಾರ್. ನಾನ್ ಮೊದ್ಲೇ ಹೊಸದ್ರಲ್ಲಿ ನೋಡ್ಬೇಕಿತ್ತು."

"ಪ್ರಬಂಧದಲ್ಲಿ ಯಾರ್ ಹೆಸ್ರು ಮೊದ್ಲಿದೆ? ನಂದು ತಾನೆ?" ಎಂದವರೇ ಕಂಪ್ಯೂಟರಿನತ್ತ ತಿರುಗಿ ಪ್ರಬಂಧ ಹಿಂದಕ್ಕೆ ಪಡೆಯುವ ಪತ್ರವನ್ನು ತಾವೇ ಬರೆಯತೊಡಗಿದರು. ಅವಳು ನಿಂತೇ ಇದ್ದಳು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರು ಅವರ ಸಾಧನೆಗಳನ್ನು ಹೊಗಳಿದರು. ಮುನಿಕೃಷ್ಣ ಎದ್ದು ನಿಂತು, ಆ ಪ್ರಬಂಧ ಸುಳ್ಳಾಗಿದ್ದನ್ನೂ ಅದು ಹೇಗೆಂಬುದನ್ನೂ ವಿವರವಾಗಿ ಹೇಳಿದರು. ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ವಸಂತ್ ತಲೆ ತಗ್ಗಿಸಿ ಕೂತಿದ್ದ.

ಅನಿತ ಮೊದಲಿಂದ ಶುರುಮಾಡಿದಳು. ಎಲ್ಲವೂ ಹೊಸ ಪಾತ್ರೆ, ಹೊಸ ಮ್ಯಾಗ್ನೆಟ್. ಐದು ತಿಂಗಳು ಕಳೆದ ಮೇಲೆ ಹನ್ನೆರಡರಲ್ಲಿ ಎರಡು ಜೋಡಿ ಬೆಸೆದವು, ಅದೂ ಹಾಕಿದ ವಸ್ತುವಿನ ಐದರಲ್ಲೊಂದು ಪಾಲು ಮಾತ್ರ. ಆವತಿಗೆ ಫೋನ್ ಮಾಡಿದಳು.

"ಎರಡು ನಿಜ್ವಾಗ್ಲೂ ಆದ್ವಲ್ಲ, ಸಾಕು," ಎಂದರು ಮುನಿಕೃಷ್ಣ. ಸ್ವಲ್ಪ ತಡೆದು, "ಆಗ್ದೇ ಇರೋ ಹತ್ತನ್ನೂ ಬರಿಯಮ್ಮ. ಇನ್ಯಾರೂ ಮೂರ್ ವರ್ಷ ಕಳ್ಕೋಬಾರ್ದು."

"ಬರೀತೀನಿ, ಸಾರ್."

ಫೋನಿಟ್ಟು, ಆಗದ ಹತ್ತನ್ನೇ ಮೊದಲು ಬರೆಯಲು ಕೂತಳು.