ನರ್ಸಮ್ಮನ ಬೆಲ್

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮತ್ತೆ ಕನ್ನಮ್ಮ ಮದುವೆಯಾದ ವಾರದಲ್ಲೇ ಹೇಳಿಕೊಟ್ಟಿದ್ದರು. ನಾನು ಹೇಳುತ್ತೇನೆ. ಜಟ್ಟಿಂಗಪ್ಪ. ಹೊಸನಗರದ ಒಂದು ಸಾಮಿಲ್ಲಿನಲ್ಲಿ ಮರ ಅಳೆದು ನಂಬರು ಹಾಕುವ ಕೆಲಸ. ನಾನು ಬಂಗಾರಮ್ಮ, ಸುತ್ತಲಿನ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವವಳು. ಹಳ್ಳಿಯವರ ಬಾಯಲ್ಲಿ ನರ್ಸಮ್ಮ.

ನನಗೊಂದು ಲೇಡೀಸ್ ಸೈಕಲ್ ಇತ್ತು. ಸಾಗರದಿಂದ ವರ್ಗವಾಗಿ ಹೋಗುತ್ತಿದ್ದ ಡಾಕ್ಟರಮ್ಮ ಒಬ್ಬರಿಂದ ಮದುವೆಗೆ ಮೊದಲೇ ನನ್ನ ಸಂಬಳದಲ್ಲಿ ಕೊಂಡದ್ದು. ಹಳೆಯದೇ, ಆದರೆ ಅದರ ಬೆಲ್ಲಿನಂಥ ಬೆಲ್ ಇಡೀ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ದಪ್ಪ ಹಿತ್ತಾಳೆಯದು. ಒಮ್ಮೆ ಒತ್ತಿದರೆ ಎರಡು ಸ್ವರದಲ್ಲಿ ಹೊಡೆದು, ಆಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ಹೆರಿಗೆ ಮನೆ ಹತ್ತಿರ ಬಂತು ಅಂದ ಕೂಡಲೇ ಒತ್ತಲು ಶುರುಮಾಡುತ್ತಿದ್ದೆ, ಒಳಗೆ ನರಳುವವಳಿಗೆ ಕೇಳಲಿ ಅಂತ. ‘ಬೆಲ್ ಕೇಳಿದ್ದೇ ಅರ್ಧ ನೋವು ಇಳೀತು ನರ್ಸಮ್ಮ’ ಅಂತ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ.

ನಮ್ಮ ಕಡೆಯ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ನೀರು ನಿಂತು ಮೂರನೇ ವರ್ಷ ಅದು. ಜಟ್ಟಿಂಗಪ್ಪನ ಸೈಕಲ್ಲಿಗೆ ಕೊನೆಗಾಲ ಬಂತು. ಮೂಟೆ ಹೇರಿ ಹೇರಿ ಎರಡೂ ರಿಮ್ಮು ಸೊಟ್ಟಗಾಗಿದ್ದವು, ಚೈನು ದಿನಕ್ಕೆ ನಾಲ್ಕು ಸಲ ಕಳಚುತ್ತಿತ್ತು. ಫ್ರೇಮು ಮಾತ್ರ ಗಟ್ಟಿ. ನನ್ನದನ್ನೇ ತುಳಿದುಕೊಂಡು ಹೋಗಬಹುದಿತ್ತಲ್ಲ? ಇಲ್ಲ. ಅಡ್ಡ ಪೈಪಿಲ್ಲದ ಸೈಕಲ್ ಹತ್ತಿದರೆ ಮಿಲ್ಲಿನವರು ಸೀರೆ ಉಡಿಸಿ ಕಳಿಸುತ್ತಾರಂತೆ! ಅವನಿಗೆ ನನ್ನ ಚಕ್ರ ಬೇಕು, ನನ್ನ ಫ್ರೇಮು ಬೇಡ.

"ಗಂಡ ನಡೆದು ಹೋಗೋದು, ಹೆಂಡ್ತಿ ಸೈಕಲ್ ಮೇಲೆ ಮೆರೆಯೋದು. ನೋಡೋಕೆ ಎರಡು ಕಣ್ಣು ಸಾಲ್ದು" ಅಂದರು ಅತ್ತೆ.

ಅವನು ಬೇರೆ ದಾರಿ ಹಿಡಿದ. "ನನ್ನ ಫ್ರೇಮಿಗೆ ನಿನ್ನ ಸಾಮಾನು ಹಾಕಿಸಿದ್ರೆ ಒಂದು ಒಳ್ಳೆ ಸೈಕಲ್ ಆಗುತ್ತೆ. ಹೆರಿಗೆ ಅಂದ್ರೆ ಸಾಕು, ಹಿಂದೆ ಕೂರಿಸ್ಕೊಂಡು ನಾನೇ ಬಿಟ್ಟು ಬರ್ತೀನಿ. ನಿನಗೂ ತುಳಿಯೋ ಕಷ್ಟ ತಪ್ಪುತ್ತೆ."

ನಾನು ಕರಗಿಹೋದೆ. ಗಂಡನ ಬೆನ್ನಿಗೆ ಆತು ಕೂತು ಹೋಗುವುದನ್ನು ನೆನೆದು ಒಳಗೊಳಗೇ ಹಿಗ್ಗಿದೆ. ಅವತ್ತಿನ ಆ ಹಿಗ್ಗನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಸೈಕಲ್ ಶಾಪಿನ ಮಾರಪ್ಪ ಪಾನಾ ಹಿಡಿದು ನನ್ನ ಸೈಕಲ್ಲಿನ ಚಕ್ರ ತಿರುಗಿಸಿ ನೋಡಿದ. "ಅಕ್ಕ, ಇದು ಓಡೋ ಸೈಕಲ್ಲು. ಇದನ್ಯಾಕೆ ಬಿಚ್ಚಿಸ್ತೀರಿ?" ಅಂದ. ನಾನು ಜಟ್ಟಿಂಗಪ್ಪನ ಮುಖ ನೋಡಿದೆ. ಮಾರಪ್ಪ ಬಗ್ಗಿ ಕೆಲಸಕ್ಕೆ ಕೂತ. ಎರಡು ಚಕ್ರ, ಚೈನು, ಪೆಡಲ್ಲು, ಬ್ರೇಕು, ಸೀಟು, ಕ್ಯಾರಿಯರ್ರು, ಎಲ್ಲ ಒಂದೊಂದಾಗಿ ಆಚೆಯ ಫ್ರೇಮಿಗೆ ಹೋದವು. ಕೊನೆಗೆ ಜಟ್ಟಿಂಗಪ್ಪನ ಕಡೆ ತಿರುಗಿ, "ಬೆಲ್ ನಿಮ್ದೂ ಚೆನ್ನಾಗೇ ಇದೆಯಲ್ಲ, ಅಕ್ಕನದು ಇಲ್ಲೇ ಇರ್ಲಾ?" ಅಂತ ಕೇಳಿದ.

"ಅದನ್ನೂ ಹಾಕು. ಸದ್ದು ಜೋರಾಗಿದೆ" ಅಂದ ಜಟ್ಟಿಂಗಪ್ಪ.

ನನ್ನ ಫ್ರೇಮು ಕೊಟ್ಟಿಗೆಯ ಗೂಟಕ್ಕೆ ನೇತುಬಿತ್ತು. ಹದಿನೈದು ದಿನಕ್ಕೆ ಅದರ ಮೇಲೆ ಕೋಳಿಗಳು ಕೂರಲು ಕಲಿತವು. ಜಟ್ಟಿಂಗಪ್ಪ ನನ್ನನ್ನು ಕೂರಿಸಿಕೊಂಡು ಹೋದದ್ದು ಸರಿಯಾಗಿ ಎರಡು ಸಲ. ಆಮೇಲೆ ಬೆನ್ನು ನೋವು, ಮಿಲ್ಲಿನಲ್ಲಿ ಕೆಲಸ, ಏರು ದಾರಿ. ನಾನು ಚೀಲ ಹೆಗಲಿಗೆ ಹಾಕಿಕೊಂಡು ನಡೆದೆ.

ಕಲ್ಲುಸಾರದ ಹಾಲಮ್ಮನಿಗೆ ಆಗ ತಿಂಗಳು ತುಂಬಿತ್ತು. ಮೊದಲನೆಯದು ಹುಟ್ಟುವಾಗಲೇ ಹೋಗಿತ್ತು. ಸಂತೆಯಲ್ಲಿ ಸಿಕ್ಕಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಈ ಸಲ ನೀವೇ ಬರ್ಬೇಕು ನರ್ಸಮ್ಮ. ನಿಮ್ಮ ಬೆಲ್ ಕೇಳೋವರೆಗೂ ನಾನು ಹೆರೋದಿಲ್ಲ" ಅಂತ ನಕ್ಕಿದ್ದಳು. ನಾನೂ ನಕ್ಕು, ಬಂದೇ ಬರುತ್ತೇನೆ ಅಂದಿದ್ದೆ. ಬೆಲ್ ಈಗ ನನ್ನ ಹತ್ತಿರ ಇಲ್ಲ ಅನ್ನಲು ನಾಚಿಕೆಯಾಗಿತ್ತು.

ಶನಿವಾರ ಜಟ್ಟಿಂಗಪ್ಪನಿಗೆ ಹೇಳಿದೆ: "ಹಾಲಮ್ಮನ ದಿನ ಹತ್ತಿರ ಬಂದಿದೆ. ನಾಳೆ ಎಲ್ಲೂ ಹೋಗ್ಬೇಡಿ."

"ಆಯ್ತು" ಅಂದ.

ಭಾನುವಾರ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಸೈಕಲ್ ಇರಲಿಲ್ಲ. ಕಲ್ಲುಸಾರದ ಆಚೆ ಎಲ್ಲೋ ಹುಂಜ ಕಾದಿಸುವ ಕೋಳಿ ಅಂಕವಂತೆ. ಅತ್ತೆ ಅದನ್ನು ಹೇಳುತ್ತಿದ್ದ ಹಾಗೇ ಹಾಲಮ್ಮನ ನೆರೆಮನೆಯವನೊಬ್ಬ ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದ. ಬೆಳಗಿನ ಜಾವವೇ ನೋವು ಶುರುವಾಗಿದೆ, ಕೂಡಲೇ ಬರಬೇಕು. ಬೈದುಕೊಳ್ಳಲೂ ಹೊತ್ತಿರಲಿಲ್ಲ. ಆರು ಮೈಲಿ, ಅರ್ಧ ಓಟ, ಅರ್ಧ ನಡಿಗೆ. ಚಪ್ಪಲಿ ಕಿತ್ತುಹೋಗಿ ದಾರಿಯಲ್ಲೇ ಬಿಟ್ಟೆ.

ಕಲ್ಲುಸಾರದ ಅಂಗಳದಲ್ಲಿ ಎತ್ತಿನ ಗಾಡಿ ಮೂಕಿ ನೆಲಕ್ಕೂರಿ ನಿಂತಿತ್ತು. ಒಳಗೆ ಹುಲ್ಲು ಹಾಸಿ ಕಂಬಳಿ ಹೊದೆಸಿದ್ದರು. ಎತ್ತುಗಳಿರಲಿಲ್ಲ. ಹಾಲಮ್ಮನ ಅತ್ತೆ ದುಗ್ಗಮ್ಮ ನನ್ನನ್ನು ಕಂಡವರೇ, "ಈಗ ಬಂದ್ರಾ? ಅಷ್ಟೊತ್ತಿಗೇ ಬಂದವರು ಎಲ್ಲಿಗೆ ಹೋಗಿದ್ರಿ?" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಒಳಗೆ ಹೋದೆ. ಮಗುವಿನ ಕೈ ಮೊದಲು ಹೊರಗೆ ಬಂದಿತ್ತು. ಡಾಕ್ಟರಿಲ್ಲದೆ ಆಗುವ ಹೆರಿಗೆ ಅಲ್ಲ ಅದು. ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದೆ. ಜಾಗ ಬದಲಿಸಿ ಬದಲಿಸಿ ಕೇಳಿದೆ. ಏನೂ ಕೇಳಿಸಲಿಲ್ಲ.

ಹಾಲಮ್ಮನ ಗಂಡ ಭೂತಪ್ಪ ಕಾಡಿನಿಂದ ಎತ್ತು ಹೊಡೆದುಕೊಂಡು ಬಂದ. ಗಾಡಿ ಕಟ್ಟಿಸಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದೆವು. ನಡೆದದ್ದು ಏನೆಂದು ಅವನು ಗಾಡಿಯ ಪಕ್ಕದಲ್ಲಿ ನಡೆಯುತ್ತಾ ಹೇಳಿದ.

"ಕೈ ಕಂಡಿದ್ದೇ ಅವ್ವ ಗಾಬರಿಬಿದ್ದು ಗಾಡಿ ಕಟ್ಟು ಅಂದ್ಳು. ಇವಳನ್ನ ಎತ್ತಿ ಮಲಗಿಸ್ಬೇಕು ಅನ್ನೋದ್ರೊಳಗೆ ರಸ್ತೇಲಿ ನಿಮ್ಮ ಬೆಲ್ ಕೇಳ್ತು. ಇವಳೇ ಅಂದ್ಳು, ನರ್ಸಮ್ಮ ಬಂದ್ರು, ನಾನು ಗಾಡೀಲಿ ಕುಲುಕಾಡ್ಕೊಂಡು ಹೋಗಲ್ಲ ಅಂತ. ಎತ್ತು ಬಿಚ್ಚಿ ಮೇಯೋಕೆ ಬಿಟ್ವಿ. ನಾನು ಮೇಲೆ ರಸ್ತೆಗೆ ಓಡಿ ನೋಡಿದ್ರೆ ಸೈಕಲ್ ಮೇಲೆ ಯಾರೋ ಗಂಡಸು, ಬೆನ್ನು ಮಾತ್ರ ಕಂಡಿದ್ದು. ‘ನರ್ಸಮ್ಮಾ, ನರ್ಸಮ್ಮಾ’ ಅಂತ ಕೂಗ್ದೆ. ತಿರುಗಿ ಸಹ ನೋಡ್ಲಿಲ್ಲ. ನೀವು ಹಿಂದೆ ನಡ್ಕೊಂಡು ಬರ್ತಿದೀರೇನೋ ಅಂತ ಕಾದ್ವಿ. ಕಾದು ಕಾದು ಸಾಕಾಗಿ ಮತ್ತೆ ಎತ್ತು ಹುಡುಕೋಕೆ ಹೋದ್ರೆ, ಅವು ಕಾಡು ಹೊಕ್ಕಿದ್ವು."

ಗಾಡಿಯೊಳಗಿಂದ ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. "ಬೆಲ್ ನಿಮ್ದೇ ಅಲ್ವಾ ನರ್ಸಮ್ಮ?" ಅಂದಳು. ಹೌದು ಅಂದೆ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಡಾಕ್ಟರು ಅವಳನ್ನು ಉಳಿಸಿಕೊಟ್ಟರು. ಮಗು ಗಂಡಾಗಿತ್ತು.

ಜಟ್ಟಿಂಗಪ್ಪ ಸಂಜೆ ಬಂದ, ಅಂಕದಲ್ಲಿ ಗೆದ್ದುಕೊಂಡ ಹುಂಜವೊಂದನ್ನು ಹ್ಯಾಂಡಲ್ಲಿಗೆ ತಲೆಕೆಳಗಾಗಿ ಕಟ್ಟಿಕೊಂಡು.

"ಕಲ್ಲುಸಾರದಲ್ಲಿ ಯಾರೋ ಕೂಗಿದ್ರಂತೆ. ನಿಮಗೆ ಕೇಳಿಸ್ಲಿಲ್ವಾ?"

"ಕೇಳ್ತು. ನರ್ಸಮ್ಮಾ ಅಂತ ಕೂಗ್ತಿದ್ರು. ನಾನೇನು ನರ್ಸಮ್ಮನಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಗು ಹೋಯಿತು ಅಂದೆ. ಅವರ ನಗು ನಿಂತಿತು. ಅವನು ಹುಂಜದ ಕಾಲಿನ ಹಗ್ಗ ಬಿಚ್ಚುತ್ತಾ, "ಪಾಪ. ಅದಕ್ಕೆ ನಾನೇನು ಮಾಡ್ಲಿ? ಬೆಲ್ ಹೊಡೀದೆ ತಿರುವಿನಲ್ಲಿ ದನಕ್ಕೆ ಗುದ್ದಬೇಕಿತ್ತಾ?" ಅಂದ. ಆ ಹುಂಜವನ್ನು ಅತ್ತೆಯೇ ಕೊಯ್ದು ಸಾರು ಮಾಡಿದರು. ಅವನು ಎರಡು ಸಲ ಬಡಿಸಿಕೊಂಡು ಉಂಡ.

ಮಾರನೆಯ ದಿನ ಬೆಳಿಗ್ಗೆ ಮಾರಪ್ಪನ ಹತ್ತಿರ ಹೋಗಿ, ಎಲ್ಲ ಬಿಚ್ಚಿ ನನ್ನ ಫ್ರೇಮಿಗೆ ವಾಪಸ್ ಹಾಕಿಕೊಡು ಅಂದೆ. ಮಾರಪ್ಪ ತಲೆ ತಗ್ಗಿಸಿದ. "ಹಾಕ್ತೀನಕ್ಕ. ಯಜಮಾನ್ರು ಬಂದು ಒಂದು ಮಾತು ಹೇಳಿ ಹೋಗ್ಲಿ" ಅಂದ. ಬಿಚ್ಚುವಾಗ ನನ್ನನ್ನು ಕೇಳಿದ್ದವನೇ ಅವನು. ಒಳ್ಳೆಯವನೇ. ಆದರೂ ಸೈಕಲ್ ಈಗ ಯಾರದೆಂದು ಅವನಿಗೂ ತೀರ್ಮಾನವಾಗಿತ್ತು. ನಾನು ಒಂದು ಚಿಕ್ಕ ಪಾನಾ ಇಸಕೊಂಡು ಮನೆಗೆ ಬಂದೆ.

ಜಟ್ಟಿಂಗಪ್ಪ ಮಿಲ್ಲಿಗೆ ಹೊರಟವನು ಅಂಗಳದಲ್ಲಿ ನಿಂತು ಕೂಗಿದ: "ಏ, ನನ್ನ ಬೆಲ್ ಎಲ್ಲೋಯ್ತೇ?"

ನನ್ನ ಬೆಲ್. ಹಾಗೇ ಅಂದ.

"ಹಾಲಮ್ಮನ ಹತ್ರ ಇದೆ. ಹೋಗಿ ಇಸ್ಕೊಂಡು ಬನ್ನಿ" ಅಂದೆ.

ಅವನು ಹೋಗಲಿಲ್ಲ. ಕಲ್ಲುಸಾರದ ರಸ್ತೆಗೆ ಮತ್ತೆ ಸೈಕಲ್ ತಿರುಗಿಸಲೂ ಇಲ್ಲ. ವಾರದೊಳಗೆ ಮಾರಪ್ಪನಲ್ಲಿ ಬೇರೊಂದು ಬೆಲ್ ಹಾಕಿಸಿಕೊಂಡ. ಹಾಲಮ್ಮ ಆಮೇಲೆ ಎರಡು ಹೆತ್ತಳಂತೆ, ನನಗೆ ಹೇಳಿಕಳಿಸಲಿಲ್ಲ. ಬೆಲ್ ನನ್ನ ಚೀಲದ ತಳದಲ್ಲಿ, ಸದ್ದಾಗದ ಹಾಗೆ ಬಟ್ಟೆ ಸುತ್ತಿಕೊಂಡು ಕೂತಿತ್ತು.